ನೀರಿದ್ದಷ್ಟು ದೂರ

ಅಕ್ಟೋಬರ್ ತಿಂಗಳ ಎರಡನೆಯ ವಾರದಲ್ಲಿ ನಾವು ನಾಲ್ವರು ಅಮೆರಿಕದ ಯೂಟಾ ರಾಜ್ಯದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಏಳು ದಿನ ಟೆಂಟುಗಳಲ್ಲಿ ತಂಗುವುದೆಂದು ನಿಶ್ಚಯವಾದ ಸಂಜೆ, ಹೊಸ ನೋಟುಪುಸ್ತಕವೊಂದರ ಮೊದಲ ಪುಟದಲ್ಲಿ ನಾನು ನೋಡಬೇಕಾದ ಸ್ಥಳಗಳ ಪಟ್ಟಿ ಬರೆದಿದ್ದೆ. ಹತ್ತೊಂಬತ್ತು ಹೆಸರುಗಳಿದ್ದವು. ಈಗ ಆ ಪುಟದಲ್ಲಿ ಮೂರೇ ಹೆಸರು ಉಳಿದಿವೆ. ಮಿಕ್ಕವುಗಳ ಮೇಲೆ ಪೆನ್ಸಿಲ್ಲಿನ ಗೀಟು ಬಿದ್ದಿದೆ. ಹೆಸರುಗಳು ಕರಗುತ್ತ ಹೋದಂತೆ ಪುಟದ ಅಂಚಿನಲ್ಲಿ ಇನ್ನೊಂದು ಬರಹ ಬೆಳೆಯುತ್ತ ಹೋಯಿತು. ಅದು ಲೀಟರುಗಳ ಲೆಕ್ಕ. ಪ್ರವಾಸದ ಸಿದ್ಧತೆ ಎಂದು ನಾನು ಈ ಮೂರು ತಿಂಗಳಲ್ಲಿ ಮಾಡಿದ ಕೆಲಸದ ಬಹುಪಾಲು ಆ ಅಂಚಿನಲ್ಲೇ ನಡೆದಿದೆ.

ಲೆಕ್ಕ ಸರಳವಾಗಿಯೇ ಶುರುವಾಗುತ್ತದೆ. ಒಬ್ಬರು ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಎಂದರೆ ಹೆಚ್ಚುಕಡಿಮೆ 4 ಲೀಟರ್ ನೀರು ಕುಡಿಯಬೇಕೆಂಬುದು ಉದ್ಯಾನದವರು ಎಲ್ಲರಿಗೂ ಹೇಳುವ ಮಾತು. ಅಡುಗೆ, ಪಾತ್ರೆ, ಕೈಬಾಯಿ ತೊಳೆಯುವುದನ್ನು ಸೇರಿಸಿ ನಾವು 6 ಲೀಟರ್ ಎಂದು ಹಿಡಿದೆವು. ನಾಲ್ವರಿಗೆ ದಿನಕ್ಕೆ 24 ಲೀಟರ್ ಆಯಿತು. ಕಾರಿನ ಹಿಂಬದಿಯಲ್ಲಿ ಇದು ದೊಡ್ಡ ಸಂಗತಿಯಲ್ಲ, ನಾಲ್ಕು ಕ್ಯಾನುಗಳಲ್ಲಿ ಮೂರು ದಿನದ ನೀರು ಹಿಡಿಸುತ್ತದೆ. ಕಾರು ಬಿಟ್ಟು ನಡೆಯಲು ಹೊರಟ ಕ್ಷಣದಿಂದ ಲೆಕ್ಕದ ಸ್ವಭಾವವೇ ಬದಲಾಗುತ್ತದೆ. ಕಣಿವೆಯೊಳಗೆ ಎರಡು ರಾತ್ರಿ ತಂಗುವ ಆಸೆಯಿಟ್ಟುಕೊಂಡರೆ, ಬಿಗಿಹಿಡಿದು ದಿನಕ್ಕೆ 5 ಲೀಟರಿನಂತೆ ಖರ್ಚು ಮಾಡಿದರೂ, ಒಬ್ಬೊಬ್ಬರ ಬೆನ್ನ ಮೇಲೆ ನೀರಿನ ಭಾರವೇ 15 ಕಿಲೋ. ಅದರ ಮೇಲೆ ಟೆಂಟು, ಹಾಸು, ಊಟ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದನ್ನು ಈ ನಾಡಿಗೆ ಹೊಂದಿಸಿಕೊಳ್ಳುವುದಾದರೆ, ನೀರಿದ್ದಷ್ಟು ದೂರ ನಡೆಯಬೇಕು. ಬೆನ್ನುಚೀಲ ಹೊತ್ತು ಒಳಗೆ ತಂಗುವ ಯೋಜನೆಗೆ ಮೊದಲ ಗೀಟು ಬಿದ್ದದ್ದು ಹೀಗೆ.

ನಕ್ಷೆಯನ್ನು ನೋಡುವವರಿಗೆ ಇದು ವಿಚಿತ್ರವೆನಿಸಬಹುದು, ಏಕೆಂದರೆ ಉದ್ಯಾನದ ನಟ್ಟನಡುವೆ ಗ್ರೀನ್ ಮತ್ತು ಕೊಲೊರಾಡೊ ಎಂಬ ಎರಡು ದೊಡ್ಡ ನದಿಗಳು ಬಂದು ಕೂಡುತ್ತವೆ. ಆದರೆ ಇಲ್ಲಿ ನೀರು ಕಾಣುವುದಕ್ಕೂ ದಕ್ಕುವುದಕ್ಕೂ ಸಂಬಂಧವಿಲ್ಲ. ಐಲ್ಯಾಂಡ್ ಇನ್ ದ ಸ್ಕೈ ಎಂಬ ಚಪ್ಪಟೆ ದಿಬ್ಬ ಸಮುದ್ರಮಟ್ಟದಿಂದ ಸುಮಾರು 6,000 ಅಡಿ ಎತ್ತರದಲ್ಲಿದೆ. ಅದರ ಅಂಚಿನಲ್ಲಿ ನಿಂತು ನೋಡಿದರೆ ಸಾವಿರಕ್ಕೂ ಹೆಚ್ಚು ಅಡಿ ಕೆಳಗೆ ಬಿಳಿ ಮರಳುಗಲ್ಲಿನ ಒಂದು ಜಗಲಿ, ಆ ಜಗಲಿಯಿಂದ ಮತ್ತೆ ಸಾವಿರ ಅಡಿ ಕೆಳಗೆ ನದಿ. ನಡುವೆ ವಿಂಗೇಟ್ ಎಂಬ ಮರಳುಗಲ್ಲಿನ ಪದರ ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ಗಟ್ಟಿ ಪದರ ಗೋಡೆಯಾಗಿ ನಿಲ್ಲುತ್ತದೆ, ಅದರಡಿಯ ಮೆತ್ತನೆಯ ಪದರ ಇಳಿಜಾರಾಗಿ ಸವೆಯುತ್ತದೆ, ಮತ್ತೆ ಗಟ್ಟಿ ಪದರ, ಮತ್ತೆ ಗೋಡೆ. ಗೋಡೆ ಎಲ್ಲಿ ಕುಸಿದು ಸಂದು ಬಿಟ್ಟಿದೆಯೋ ಅಲ್ಲಿ ಮಾತ್ರ ದಾರಿ. ನಕ್ಷೆಯಲ್ಲಿ ಎರಡು ಇಂಚು ದೂರದ ಎರಡು ಬಿಂದುಗಳ ನಡುವೆ ಅರ್ಧ ದಿನದ ಪ್ರಯಾಣವಿರುವುದು ಇದರಿಂದಲೇ. ಐಲ್ಯಾಂಡ್, ನೀಡಲ್ಸ್, ಮೇಜ್ ಎಂಬ ಮೂರು ವಿಭಾಗಗಳನ್ನು ನದಿಗಳು ಬೇರ್ಪಡಿಸಿವೆ. ಉದ್ಯಾನದೊಳಗೆ ಒಂದೇ ಒಂದು ಸೇತುವೆಯಿಲ್ಲ. ಒಂದು ವಿಭಾಗದ ಅಂಚಿನಿಂದ ಕಣ್ಣೆದುರಿಗೇ ಕಾಣುವ ಇನ್ನೊಂದು ವಿಭಾಗಕ್ಕೆ ಹೋಗಲು ಹೊರಗಿನ ಹೆದ್ದಾರಿಗಳನ್ನು ಸುತ್ತಿ ಎರಡರಿಂದ ಆರು ಗಂಟೆ ಕಾರು ಓಡಿಸಬೇಕು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಬರೆದುಕೊಂಡಿದ್ದ ನನ್ನ ಮೊದಲ ವೇಳಾಪಟ್ಟಿ ಯಾವ ನಾಡಿಗೆ ಹೊಂದುತ್ತಿತ್ತೋ ನನಗೆ ತಿಳಿಯದು, ಈ ನಾಡಿಗಂತೂ ಅಲ್ಲ.

ಮೇಜ್ ಎಂಬ ಹೆಸರಿನ ಮೇಲೆ ಗೀಟು ಎಳೆಯಲು ನನಗೆ ಎರಡು ವಾರ ಹಿಡಿಯಿತು. ಚಕ್ರವ್ಯೂಹದಂಥ ಆ ಕಣಿವೆಗಳಿಗೆ ಹೋಗುವವರು ಕಡಿಮೆ. ಹೋಗುವವರು ಸಾಮಾನ್ಯವಾಗಿ ಮೂರು ದಿನಕ್ಕಿಂತ ಕಡಿಮೆ ಸಮಯವಿಟ್ಟುಕೊಂಡು ಹೋಗುವುದಿಲ್ಲ. ನಾಲ್ಕು ಚಕ್ರಗಳಿಗೂ ಬಲವಿರುವ, ನೆಲದಿಂದ ಎತ್ತರದಲ್ಲಿರುವ ವಾಹನ ಬೇಕು, ಅದನ್ನು ಬಂಡೆಯ ಮೆಟ್ಟಿಲುಗಳ ಮೇಲೆ ಇಳಿಸುವ ಅಭ್ಯಾಸವೂ ಬೇಕು. ನಮ್ಮಲ್ಲಿ ಎರಡೂ ಇಲ್ಲ. ಬಿಳಿ ಜಗಲಿಯ ಮೇಲೆ ಸುತ್ತುವ 100 ಮೈಲಿಯ ವೈಟ್ ರಿಮ್ ರಸ್ತೆಗೂ ಅದೇ ಗತಿಯಾಯಿತು. 1950ರ ದಶಕದಲ್ಲಿ ಯುರೇನಿಯಂ ಅರಸಿ ಬಂದವರ ಕಾಲದಲ್ಲಿ ಈ ಸೀಮೆಯ ಇಂಥ ಎಷ್ಟೋ ದಾರಿಗಳು ಕಡಿಯಲ್ಪಟ್ಟವು. ಇಂದು ಆ ರಸ್ತೆಗೆ ಹಗಲಿನಲ್ಲಿ ಹೋಗಿಬರುವುದಕ್ಕೂ ಪರ್ಮಿಟ್ ಬೇಕು, ರಾತ್ರಿ ತಂಗುವುದಕ್ಕಂತೂ ತಿಂಗಳುಗಳ ಮೊದಲೇ ಜಾಗ ಕಾದಿರಿಸಬೇಕು. ಬಾಡಿಗೆ ಜೀಪು ಹಿಡಿದು ಹೋಗೋಣವೆಂದು ನಮ್ಮಲ್ಲೊಬ್ಬ ವಾದಿಸಿದ. ಆ ದಾರಿಯಲ್ಲಿ ಎಲ್ಲಿಯೂ ಕುಡಿಯುವ ನೀರಿಲ್ಲವೆಂಬುದನ್ನು ಓದಿ ಹೇಳಿದ ಮೇಲೆ ಅವನೇ ಸುಮ್ಮನಾದ.

ಅವನು ಅಷ್ಟು ಬೇಗ ಸುಮ್ಮನಾಗಲು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ, ಒಂದು ಮೇ ತಿಂಗಳ ಕೊನೆಯಲ್ಲಿ, ಇದೇ ನಾಲ್ವರು ನೀಡಲ್ಸ್ ವಿಭಾಗದ ಚೆಸ್ಲರ್ ಪಾರ್ಕ್ ಎಂಬ ಹುಲ್ಲುಬಯಲನ್ನು ಸುತ್ತಿಬರಲು ಹೋಗಿದ್ದೆವು. ಸುಮಾರು 11 ಮೈಲಿಯ ದಾರಿ. ಪ್ರತಿಯೊಬ್ಬರ ಬಳಿಯೂ ಎರಡೂವರೆ ಲೀಟರ್ ನೀರಿತ್ತು, ಅದು ಧಾರಾಳವೆಂದೇ ನಂಬಿದ್ದೆವು. ಬೆಳಿಗ್ಗೆ ಹೊರಡುವುದು ತಡವಾಯಿತು. ಕೆಂಪು ಬಿಳಿ ಪಟ್ಟೆಗಳ ಕಲ್ಲುಕಂಬಗಳ ನಡುವೆ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಬಂಡೆಯೇ ಕಾವಲಿಯಾಗಿತ್ತು. ಮೇಲಿನಿಂದ ಬಿಸಿಲು, ಕೆಳಗಿನಿಂದ ಝಳ. ಒಣಗಾಳಿಯಲ್ಲಿ ಬೆವರು ಹುಟ್ಟಿದ ಕ್ಷಣದಲ್ಲೇ ಆರಿಹೋಗುವುದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂಬುದೇ ತಿಳಿಯುವುದಿಲ್ಲ. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಇಬ್ಬರಿಗೆ ತಲೆನೋವು, ಒಬ್ಬನಿಗೆ ಊಟ ಕಂಡರೆ ಹೇಸಿಗೆ. ಜಾಯಿಂಟ್ ಟ್ರೈಲ್ ಎಂದು ಕರೆಯುವ ಕಲ್ಲಿನ ಬಿರುಕುಗಳ ಓಣಿ ಸಿಕ್ಕಿದ್ದು ನಮ್ಮ ಪುಣ್ಯ. ಎರಡು ಭುಜಗಳೂ ಗೋಡೆಗೆ ತಾಗುವಷ್ಟು ಇಕ್ಕಟ್ಟಾದ ಆ ತಂಪಿನಲ್ಲಿ ಬಿಸಿಲಿಳಿಯುವ ತನಕ ಒರಗಿ ಕುಳಿತು, ಉಳಿದಿದ್ದ ಅರ್ಧ ಬಾಟಲಿಯನ್ನು ಮುಚ್ಚಳದಲ್ಲಿ ಅಳೆದು ಹಂಚಿಕೊಂಡು, ಕತ್ತಲಾದ ಮೇಲೆ ತಲೆದೀಪದ ಬೆಳಕಿನಲ್ಲಿ ಕಾರು ಮುಟ್ಟಿದೆವು. ಅನಾಹುತವೇನೂ ಆಗಲಿಲ್ಲ. ಆದರೆ ಬಾಯಾರಿದಾಗ ಬಾವಿ ತೋಡುವುದೆಂಬ ಗಾದೆಯನ್ನು ನಾನು ಅಲ್ಲಿಯವರೆಗೆ ಬರಿಯ ಮಾತೆಂದು ತಿಳಿದಿದ್ದೆ.

ಆ ದಿನದಿಂದ ಎರಡು ನಿಯಮಗಳು ಹುಟ್ಟಿದವು. ತಂದ ನೀರಿನಲ್ಲಿ ಅರ್ಧ ಮುಗಿದಾಗ ಎಲ್ಲಿದ್ದರೂ, ಎಷ್ಟೇ ಹತ್ತಿರ ಬಂದಿದ್ದರೂ ಹಿಂದಿರುಗಬೇಕು. ಎರಡನೆಯದು ಉಪ್ಪಿನದು: ಬರೀ ನೀರನ್ನೇ ಕುಡಿಯುತ್ತ ಹೋಗಿ ಏನನ್ನೂ ತಿನ್ನದಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದು ಅದೂ ಅಪಾಯವೇ ಆಗುತ್ತದೆ, ಆದ್ದರಿಂದ ಗಂಟೆಗೊಮ್ಮೆ ಉಪ್ಪಿನ ತಿನಿಸು ಬಾಯಿಗೆ ಬೀಳಬೇಕು, ಹಸಿವಿರಲಿ ಇಲ್ಲದಿರಲಿ.

ಈ ಸಲ ಅಕ್ಟೋಬರನ್ನು ಆರಿಸಿದ್ದೂ ಆ ಮೇ ತಿಂಗಳ ನೆನಪಿನಿಂದಲೇ. ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್ ನಡುಭಾಗದಿಂದ ಅಕ್ಟೋಬರ್ ಕೊನೆಯವರೆಗಿನ ದಿನಗಳು ಇಲ್ಲಿ ಹಿತವೆಂಬುದು ಎಲ್ಲರೂ ಒಪ್ಪುವ ಮಾತು. ಬೇಸಿಗೆಯಲ್ಲಿ ತಾಪಮಾನ 38 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಚಳಿಗಾಲದಲ್ಲಿ ಹಿಮ ಬಿದ್ದು ಬಂಡೆ ಜಾರುತ್ತದೆ. ಆದರೆ ಹಿತವೆಂಬ ಮಾತಿನೊಳಗೂ ಒಂದು ಕೊಕ್ಕೆಯಿದೆ. ಮೋಡವಿಲ್ಲದ, ತೇವವಿಲ್ಲದ ಆಕಾಶ ಹಗಲಿನ ಶಾಖವನ್ನು ರಾತ್ರಿ ಹಿಡಿದಿಟ್ಟುಕೊಳ್ಳುವುದಿಲ್ಲ. ಒಂದೇ ದಿನದಲ್ಲಿ 20 ಡಿಗ್ರಿ ಏರಿಳಿತ ಇಲ್ಲಿ ಮಾಮೂಲು. ಭಾರವಾದ ತಣ್ಣನೆಯ ಗಾಳಿ ಇಳಿದುಬಂದು ತಗ್ಗಿನಲ್ಲಿ ನಿಲ್ಲುವುದರಿಂದ, ಗಾಳಿಗೆ ಮರೆಯೆಂದು ಹಳ್ಳದ ಬದಿಯಲ್ಲಿ ಟೆಂಟು ಹಾಕಿದವನು ಬೆಳಗಿನ ಜಾವ ನಡುಗುತ್ತ ಏಳುತ್ತಾನೆ. ಮಧ್ಯಾಹ್ನ ಅಂಗಿಯ ತೋಳು ಮಡಚಿಕೊಂಡು ನಡೆದವನಿಗೆ ರಾತ್ರಿ ಉಣ್ಣೆಯ ಟೋಪಿ ಬೇಕು ಎಂದರೆ ನಮ್ಮಲ್ಲಿ ಮೊದಲ ಸಲ ಕೇಳುವವರು ನಗುತ್ತಾರೆ. ಹಗಲಿನ ಅವಧಿಯೂ ಹನ್ನೊಂದು ಗಂಟೆಯಷ್ಟಕ್ಕೆ ಕುಗ್ಗಿರುತ್ತದೆ. ಕಣಿವೆಯ ತಳಕ್ಕೆ ಬಿಸಿಲು ಬರುವುದು ತಡ, ಹೋಗುವುದು ಬೇಗ.

ಹಠಾತ್ ಪ್ರವಾಹದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಪಟ್ಟಿಯಿಂದ ಒಮ್ಮೆಗೇ ಆರು ಹೆಸರುಗಳನ್ನು ಕೊಚ್ಚಿಕೊಂಡು ಹೋದದ್ದು ಅದೇ. ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತೇವೆ. ಇಲ್ಲಿ ಅದರ ತಿರುವುಮುರುವು: ಮಳೆಯೇ ಕಾಣದ ಕಡೆ ಹೊಳೆ ಬರುತ್ತದೆ. ಮೈಲಿಗಟ್ಟಲೆ ಬರಿಬಂಡೆ ಹರಡಿರುವ ಈ ನೆಲ ಮಳೆಯನ್ನು ಕುಡಿಯುವುದಿಲ್ಲ, ಹೆಂಚಿನ ಮಾಡಿನಂತೆ ಜಾರಿಸಿಬಿಡುತ್ತದೆ; ದೂರದ ದಿಬ್ಬದ ಮೇಲೆ ಸುರಿದದ್ದೆಲ್ಲ ಒಂದೇ ಬಿರುಕಿನೊಳಕ್ಕೆ ಕೂಡಿ ಹರಿಯುತ್ತದೆ. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟೆಲೋಪ್ ಕ್ಯಾನ್ಯನ್‌ನಲ್ಲಿ ಹೀಗೆ ದೂರದ ಮಳೆಯಿಂದ ಬಂದ ನೀರಿಗೆ ಸಿಕ್ಕಿ 11 ಮಂದಿ ಸತ್ತರು. 2015ರ ಸೆಪ್ಟೆಂಬರ್ 14ರಂದು ಜಾಯನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಕ್ಯಾನ್ಯನ್‌ಗೆ ಇಳಿದಿದ್ದ ಏಳು ಮಂದಿಯಲ್ಲಿ ಒಬ್ಬರೂ ಹಿಂದಿರುಗಲಿಲ್ಲ. ಅದೇ ದಿನ, ಅದೇ ಸೀಮೆಯ ಹಿಲ್ಡೇಲ್ ಎಂಬ ಊರಿನಲ್ಲಿ ವಾಹನಗಳನ್ನು ಕೊಚ್ಚಿದ ಪ್ರವಾಹ 13 ಜೀವಗಳನ್ನು ತೆಗೆದುಕೊಂಡಿತು. ಜುಲೈಯಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಇಂಥ ಮಳೆಗಳ ಕಾಲ. ಅಕ್ಟೋಬರಿನಲ್ಲಿ ಅಪಾಯ ತಗ್ಗುತ್ತದೆ, ಇಲ್ಲವಾಗುವುದಿಲ್ಲ.

ಈ ಬಗ್ಗೆ ನಮ್ಮೊಳಗೆ ಜಗಳವೇ ಆಯಿತು. ದಕ್ಷಿಣ ಯೂಟಾದ ಎಸ್ಕಲಾಂಟೆ ಸೀಮೆಯ ಇಕ್ಕಟ್ಟು ಕಣಿವೆಗಳ ಚಿತ್ರಗಳನ್ನು ನೋಡಿ ಮರುಳಾಗಿದ್ದ ಗೆಳತಿ, ಹವಾಮಾನ ವರದಿ ನೋಡಿಕೊಂಡು ಹೋದರಾಯಿತು ಎಂದಳು. ಅವಳ ಮಾತು ತಪ್ಪೇನಲ್ಲ. ಸಾವಿರಾರು ಜನ ಹಾಗೆಯೇ ಹೋಗಿ ಸುಖವಾಗಿ ಬರುತ್ತಾರೆ. ಆದರೆ ವರದಿ ನೋಡಬೇಕಾದದ್ದು ನಾವು ನಿಂತಿರುವ ಜಾಗದ್ದಲ್ಲ, ಆ ಕಣಿವೆಗೆ ನೀರು ಹರಿದುಬರುವ ಇಡೀ ಪ್ರದೇಶದ್ದು; ಅದರ ಮೇರೆ ಯಾವುದೆಂದು ನಕ್ಷೆಯಲ್ಲಿ ಗುರುತಿಸಲು ನಮ್ಮಲ್ಲಿ ಯಾರಿಗೂ ಧೈರ್ಯವಾಗಿ ಬರುವುದಿಲ್ಲ. ಗುರುತಿಸಲು ಕಲಿತಮೇಲೆ ಇನ್ನೊಂದು ವರ್ಷ ಹೋಗುವುದೆಂದು ಒಪ್ಪಂದವಾಯಿತು. ಅವಳಿಗೆ ಇನ್ನೂ ಸ್ವಲ್ಪ ಬೇಸರವಿದೆ.

ಸಿದ್ಧತೆಯ ನಡುವೆ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಈ ನಾಡಿಗೆ ಮೊದಲು ಬಂದವರ ಯೋಜನೆಗಳ ಕಥೆ. ಅಮೆರಿಕದ ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಜಾನ್ ವೆಸ್ಲಿ ಪವೆಲ್ ಈ ನದಿಗಳನ್ನು ಶೋಧಿಸಲು 1869ರ ಮೇ 24ರಂದು ವಯೋಮಿಂಗ್‌ನ ಗ್ರೀನ್ ರಿವರ್ ಊರಿನಿಂದ ನಾಲ್ಕು ದೋಣಿ, ಹತ್ತು ಮಂದಿ, ಹತ್ತು ತಿಂಗಳಿಗಾಗುವಷ್ಟು ಆಹಾರದೊಂದಿಗೆ ಹೊರಟ. ಹೊರಟ ಮೂರನೆಯ ವಾರದಲ್ಲೇ ಒಂದು ದೋಣಿ ರಭಸಕ್ಕೆ ಸಿಕ್ಕಿ ಒಡೆದು ಅದರಲ್ಲಿದ್ದ ದವಸವೆಲ್ಲ ಹೋಯಿತು. ಎತ್ತರ ಅಳೆಯುವ ವಾಯುಭಾರಮಾಪಕಗಳೆಲ್ಲ ಆ ಒಂದೇ ದೋಣಿಯಲ್ಲಿದ್ದವು. ಮುರಿದ ದೋಣಿಯ ಬಳಿಗೆ ಹೋದವರು ಅವುಗಳನ್ನು ಉಳಿಸಿ ತಂದರು, ಜೊತೆಗೆ ನಾಯಕನಿಗೆ ಗೊತ್ತಿಲ್ಲದಂತೆ ಸಾಗಿಸಿದ್ದ ವಿಸ್ಕಿಯ ಪೀಪಾಯಿಯನ್ನೂ ತಂದರು. ಯಾರ ಯೋಜನೆಯಲ್ಲಿ ಯಾವುದು ಮುಖ್ಯವಾಗಿತ್ತೆಂದು ಹೇಳುವುದು ಕಷ್ಟ. ಕೊನೆಕೊನೆಗೆ ಹಳಸಿದ ಹಿಟ್ಟು, ಒಣಸೇಬು, ಕಾಫಿ ಬಿಟ್ಟರೆ ಹೆಚ್ಚೇನೂ ಉಳಿಯಲಿಲ್ಲ. ಆಗಸ್ಟ್ 28ರಂದು ಮೂವರು ಇನ್ನು ಈ ನದಿ ಸಾಕೆಂದು ಗ್ರ್ಯಾಂಡ್ ಕ್ಯಾನ್ಯನ್‌ನ ಗೋಡೆ ಹತ್ತಿ ಹೊರಟುಹೋದರು, ಮತ್ತೆ ಬರಲಿಲ್ಲ. ಉಳಿದವರು ಎರಡು ದೋಣಿಗಳಲ್ಲಿ ಆಗಸ್ಟ್ 30ರಂದು ಹೊರಬಿದ್ದರು. ಹೋದವರಿಗೆ ಇನ್ನೆರಡೇ ದಿನವೆಂದು ತಿಳಿಯುವ ಬಗೆಯಿರಲಿಲ್ಲ.

ಹತ್ತು ವರ್ಷದ ನಂತರ, 1879ರ ಕೊನೆಯಲ್ಲಿ, ಮಾರ್ಮನ್ ಎಂಬ ಧಾರ್ಮಿಕ ಪಂಥದ ಸುಮಾರು 250 ವಲಸಿಗರು ಸಾನ್ ವಾನ್ ನದಿಯ ಕಡೆಗೆ ಹತ್ತಿರದ ದಾರಿಯೆಂದು ಎಸ್ಕಲಾಂಟೆಯಿಂದ ಗಾಡಿ ಕಟ್ಟಿದರು. ಆರು ವಾರದ ಪ್ರಯಾಣವೆಂದು ಅವರ ಅಂದಾಜು. ಕೊಲೊರಾಡೊ ನದಿಯ ಮೇಲಿನ ಕಡಿದಾದ ಗೋಡೆಯಲ್ಲಿದ್ದ ಒಂದು ಬಿರುಕನ್ನು ಸಿಡಿಮದ್ದಿನಿಂದ ಅಗಲಿಸಿ, ಗಾಡಿಗಳನ್ನು ಹಗ್ಗ ಸರಪಳಿಗಳಿಂದ ಹಿಡಿದು ಇಳಿಸುತ್ತ, ಅವರು ಬ್ಲಫ್ ಎಂಬಲ್ಲಿ ನೆಲೆ ನಿಂತಾಗ 1880ರ ಏಪ್ರಿಲ್ ಬಂದಿತ್ತು. ಆರು ವಾರ ಹೆಚ್ಚುಕಡಿಮೆ ಆರು ತಿಂಗಳಾಗಿತ್ತು. ಅಷ್ಟಾದರೂ ದಾರಿಯಲ್ಲಿ ಒಬ್ಬರೂ ಸಾಯಲಿಲ್ಲ. ಅವರ ಧೈರ್ಯದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಕಾಡುವುದು ಆ ಅಂದಾಜು: ಮುಂದೆ ಹೋಗಿ ನೋಡಿಬಂದವರು ದಾರಿಯಿಲ್ಲವೆಂದು ಹೇಳುವ ಹೊತ್ತಿಗಾಗಲೇ ಹಿಂದಿನ ಬೆಟ್ಟದಲ್ಲಿ ಹಿಮ ಬಿದ್ದು ಮರಳುವ ದಾರಿ ಮುಚ್ಚಿತ್ತು. ಹಿಂದಿರುಗುವ ದಾರಿ ತೆರೆದಿರುವಾಗಲೇ ಹಿಂದಿರುಗುವ ಮಾತಾಡಬೇಕು ಎಂಬುದನ್ನು ನಾನು ಅವರಿಂದ ಎರವಲು ಪಡೆದು ನಮ್ಮ ವೇಳಾಪಟ್ಟಿಯಲ್ಲಿ ಪ್ರತಿದಿನದ ಎದುರಿಗೆ ಒಂದು ಸಮಯವನ್ನು ಬರೆದಿದ್ದೇನೆ. ಆ ಹೊತ್ತಿಗೆ ಎಲ್ಲಿದ್ದರೂ ಮುಖ ತಿರುಗಿಸುವುದು.

ಹೀಗೆ ಉಳಿದ ಮೂರು ಹೆಸರುಗಳು: ಐಲ್ಯಾಂಡ್ ಇನ್ ದ ಸ್ಕೈ ಎರಡು ರಾತ್ರಿ, ನೀಡಲ್ಸ್ ಮೂರು ರಾತ್ರಿ, ಹಾರ್ಸ್‌ಶೂ ಕ್ಯಾನ್ಯನ್ ಒಂದು ರಾತ್ರಿ. ಮೋಯಬ್ ಪಟ್ಟಣದಲ್ಲಿ ಕ್ಯಾನುಗಳನ್ನು ತುಂಬಿಕೊಂಡು ಹೊರಡುವುದು. ಉದ್ಯಾನದ ಪ್ರವೇಶಕ್ಕೆ ಒಂದು ಕಾರಿಗೆ ಏಳು ದಿನಕ್ಕೆ 30 ಡಾಲರ್. ಐಲ್ಯಾಂಡ್ ವಿಭಾಗದ ವಿಲೋ ಫ್ಲ್ಯಾಟ್ ಶಿಬಿರದಲ್ಲಿ ಇರುವುದು 12 ಜಾಗಗಳು. ಕಾದಿರಿಸುವ ಪದ್ಧತಿಯಿಲ್ಲ, ಮೊದಲು ಬಂದವರಿಗೆ ಮೊದಲು, ನೀರಿನ ನಲ್ಲಿಯೂ ಇಲ್ಲ. ನೀಡಲ್ಸ್ ಶಿಬಿರದಲ್ಲಿ ನಲ್ಲಿಯಿದೆ. ಮೂರು ರಾತ್ರಿಗಳನ್ನು ಅಲ್ಲಿಗೆ ಕೊಟ್ಟಿರುವುದು ಅದರ ಚೆಲುವಿಗಾಗಿ ಎಂದು ಹೇಳಿದರೆ ಅರ್ಧ ಸತ್ಯವಾದೀತು. ನಲ್ಲಿಯೊಂದು ಬೆನ್ನಿಗಿದ್ದರೆ ಪ್ರತಿ ಬೆಳಿಗ್ಗೆ ಹೊಸ ದಿಕ್ಕಿಗೆ ಹಗುರವಾಗಿ ಹೊರಟು ಸಂಜೆ ಮರಳಬಹುದು. ಚೆಸ್ಲರ್ ಪಾರ್ಕಿಗೆ ಈ ಸಲವೂ ಹೋಗುತ್ತೇವೆ, ಬೆಳಗಿನ ಆರೂವರೆಗೆ, ತಲೆಗೆ ಐದು ಲೀಟರಿನೊಂದಿಗೆ.

ಟೆಂಟಿನ ವಿಷಯದಲ್ಲಿ ನಾನು ತಿಳಿದುಕೊಂಡದ್ದು ಸ್ವಲ್ಪ. ಬಂಡೆಯಲ್ಲಿ ಗೂಟ ಇಳಿಯದು, ಮರಳಿನಲ್ಲಿ ಇಳಿದದ್ದು ನಿಲ್ಲದು. ಗೂಟವಿಲ್ಲದೆಯೂ ತನ್ನ ಕಾಲ ಮೇಲೆ ನಿಲ್ಲುವ ಟೆಂಟು ಬೇಕು. ಹಗ್ಗಗಳನ್ನು ಮರಳು ತುಂಬಿದ ಚೀಲಗಳಿಗೆ ಕಟ್ಟಬೇಕು. ಹಿಟ್ಟಿನಂಥ ಕೆಂಪು ಮರಳು ಝಿಪ್ಪುಗಳ ಹಲ್ಲಿಗೆ ಸೇರಿಕೊಂಡರೆ ಮೂರನೆಯ ದಿನ ಬಾಗಿಲು ಮುಚ್ಚುವುದಿಲ್ಲ, ಆದ್ದರಿಂದ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು. ರಾತ್ರಿ ಹೊರಗಿಟ್ಟ ಬೂಟುಗಳನ್ನು ಬೆಳಿಗ್ಗೆ ಚೇಳಿಗಾಗಿ ಕೊಡವಬೇಕು. ಇಷ್ಟು ಸಾಕು, ಸಾಮಾನುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ.

ಟೆಂಟನ್ನು ಎಲ್ಲಿ ಹಾಕಬಾರದು ಎಂಬುದು ಅದಕ್ಕಿಂತ ದೊಡ್ಡ ವಿಷಯ. ಪೊದೆಗಳ ನಡುವಿನ ಬರಿನೆಲದ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ, ಸುಟ್ಟ ಹಪ್ಪಳದಂತೆ ಕಾಣುವ ಒಂದು ಪದರ ಇಲ್ಲಿ ಎಲ್ಲೆಡೆ ಇದೆ. ಅದು ಮಣ್ಣಲ್ಲ, ಜೀವ: ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿಗಳು ಒಟ್ಟಾಗಿ ಹೆಣೆದ ಚಾಪೆ. ಸಡಿಲ ಮರಳನ್ನು ಎಳೆಗಳಿಂದ ಕಟ್ಟಿ ಗಾಳಿಗೆ ಹಾರದಂತೆ ಹಿಡಿಯುವುದು, ಗಾಳಿಯಲ್ಲಿನ ಸಾರಜನಕವನ್ನು ಗಿಡಗಳಿಗೆ ದಕ್ಕುವಂತೆ ಮಾಡುವುದು ಅದೇ. ಒಂದು ಹೆಜ್ಜೆ ಸಾಕು ಅದನ್ನು ಪುಡಿಮಾಡಲು. ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ಮೊದಲ ಭೇಟಿಯಲ್ಲಿ ನಾನು ಒಳ್ಳೆಯ ಫೋಟೋ ಬರಲೆಂದು ದಾರಿ ಬಿಟ್ಟು ಹತ್ತು ಹೆಜ್ಜೆ ಆಚೆ ಹೋಗಿದ್ದೆ. ಆ ಹತ್ತು ಗುರುತುಗಳು ಈಗಲೂ ಅಲ್ಲಿರಬೇಕು. ಬಂಡೆಯ ಮೇಲೆ, ಒಣಗಿದ ಮರಳುಹಳ್ಳದಲ್ಲಿ, ಇಲ್ಲವೆ ಹಾಕಿರುವ ದಾರಿಯಲ್ಲಿ ಮಾತ್ರ ಕಾಲಿಡಬೇಕು.

ಬಂಡೆಯ ಗುಳಿಗಳಲ್ಲಿ ನಿಂತ ಮಳೆನೀರಿನ ಬಗ್ಗೆಯೂ ಹೀಗೆಯೇ. ಲೀಟರುಗಳ ಲೆಕ್ಕ ಹಾಕುವವನಿಗೆ ಆ ಗುಳಿಗಳು ಆಸೆ ಹುಟ್ಟಿಸುತ್ತವೆ. ಆದರೆ ಅವುಗಳ ತಳದ ಒಣಮಣ್ಣಿನಲ್ಲಿ ಪುಟಾಣಿ ಸಿಗಡಿಗಳ ಮೊಟ್ಟೆಗಳು ವರ್ಷಗಟ್ಟಲೆ ಕಾದಿದ್ದು, ಮಳೆ ಬಿದ್ದ ಕೆಲವೇ ದಿನಗಳಲ್ಲಿ ಒಡೆದು, ಬೆಳೆದು, ನೀರು ಆರುವ ಮೊದಲು ಮತ್ತೆ ಮೊಟ್ಟೆಯಿಟ್ಟು ಮುಗಿಸುತ್ತವೆ. ಕೈಗೆ ಹಚ್ಚಿದ ಸನ್‌ಸ್ಕ್ರೀನಿನ ಜಿಡ್ಡು ಅಂಥ ಗುಳಿಯೊಂದನ್ನು ಕೆಡಿಸಬಲ್ಲದು. ಪ್ರಾಣಕ್ಕೆ ಬಂದಾಗಿನ ಮಾತು ಬೇರೆ; ಯೋಜನೆ ಹಾಕುವಾಗ ಆ ನೀರನ್ನು ನಮ್ಮದೆಂದು ಎಣಿಸದಿರಲು ನಿರ್ಧರಿಸಿದೆವು. ನಕ್ಷೆಯಲ್ಲಿ ನೀಲಿ ಅಕ್ಷರಗಳಲ್ಲಿ ಬರೆದಿರುವ ಚಿಲುಮೆಗಳನ್ನೂ ಎಣಿಸಿಲ್ಲ. ಮರಳುಗಲ್ಲಿನೊಳಗೆ ಜಿನುಗಿದ ನೀರು ಕೆಳಗಿನ ಬಿಗಿಪದರ ತಾಗಿ ಗೋಡೆಯಿಂದ ಹೊರಬರುವ ಜಾಗಗಳವು, ಜರಿಗಿಡಗಳು ತೂಗುವ ಹಸಿರು ಗೂಡುಗಳು. ಈ ವರ್ಷ ಜಿನುಗುತ್ತಿದೆಯೋ ಇಲ್ಲವೋ ಎಂಬುದನ್ನು ಅಚ್ಚಾದ ನಕ್ಷೆ ಹೇಳದು, ಅಲ್ಲಿನ ರೇಂಜರುಗಳನ್ನೇ ಕೇಳಬೇಕು.

ಹಾರ್ಸ್‌ಶೂ ಕ್ಯಾನ್ಯನ್ ಉದ್ಯಾನದ ಮುಖ್ಯ ಭಾಗದಿಂದ ಬೇರೆಯಾಗಿ ಪಶ್ಚಿಮಕ್ಕಿರುವ ತುಂಡು, 1971ರಲ್ಲಿ ಸೇರಿದ್ದು. ಹೆದ್ದಾರಿಯಿಂದ ಸುಮಾರು 30 ಮೈಲಿ ಮಣ್ಣಿನ ರಸ್ತೆ. ಅಂಚಿನಲ್ಲಿ ತಂಗಬಹುದು, ನೀರಿಲ್ಲ. ಅಲ್ಲಿಂದ 750 ಅಡಿ ಇಳಿದು, ಮರಳಿನ ಹಳ್ಳದಲ್ಲಿ ನಡೆದು, ಹೋಗಿಬರುವ ದಾರಿ 7 ಮೈಲಿ. ಅದರ ಕೊನೆಯಲ್ಲಿ ಗ್ರೇಟ್ ಗ್ಯಾಲರಿ ಎಂಬ ಗೋಡೆಯಿದೆ. ಆಳೆತ್ತರದ, ಕೈಕಾಲುಗಳಿಲ್ಲದ, ಕೆಲವಕ್ಕೆ ಬರಿಯ ಟೊಳ್ಳು ಕಣ್ಣುಗಳಿರುವ ಕೆಂಗಪ್ಪು ಆಕೃತಿಗಳನ್ನು ಅಲ್ಲಿ ಯಾರೋ ಬಹು ಹಿಂದಿನ ಕಾಲದಲ್ಲಿ ಬರೆದಿದ್ದಾರೆ. ಮುಟ್ಟುವಂತಿಲ್ಲ, ಚರ್ಮದ ಎಣ್ಣೆಗೆ ಬಣ್ಣ ಹಾಳಾಗುತ್ತದೆ. ಹತ್ತೊಂಬತ್ತರಲ್ಲಿ ಒಂದೇ ಒಂದು ಉಳಿಯಲಿ ಎಂದಿದ್ದರೂ ನಾನು ಇದನ್ನೇ ಉಳಿಸಿಕೊಳ್ಳುತ್ತಿದ್ದೆ. ಅದಕ್ಕೇ ಇದನ್ನು ಕೊನೆಯ ದಿನಕ್ಕೆ ಇಟ್ಟದ್ದು. ಅದಕ್ಕೇ ಇದನ್ನು ಬಿಡಬೇಕಾಗಿ ಬಂದರೆ ಬಿಡುವ ನಿಯಮವನ್ನೂ ಈಗಲೇ, ಆಸೆ ದೂರವಿರುವಾಗಲೇ ಬರೆದಿಟ್ಟದ್ದು. ಹಿಂದಿನ ದಿನ ಮಳೆಯಾಗಿದ್ದರೆ ಅಥವಾ ಮಳೆಯ ಮುನ್ಸೂಚನೆ ಇದ್ದರೆ ಮಣ್ಣಿನ ರಸ್ತೆಗೆ ಇಳಿಯುವುದಿಲ್ಲ, ನೀಡಲ್ಸ್‌ನಲ್ಲೇ ಇನ್ನೊಂದು ರಾತ್ರಿ ಉಳಿಯುವುದು.

ಅದೇ ಕಣಿವೆಯ ಸಮೀಪದಲ್ಲಿ ಬ್ಲೂಜಾನ್ ಕ್ಯಾನ್ಯನ್ ಇದೆ. 2003ರ ಏಪ್ರಿಲ್ 26ರಂದು ಆರನ್ ರಾಲ್ಸ್‌ಟನ್ ಎಂಬ ಅನುಭವಿ ಚಾರಣಿಗ ಅಲ್ಲಿ ಒಬ್ಬನೇ ಇಳಿಯುವಾಗ ಸಡಿಲಗೊಂಡ ಬಂಡೆಯೊಂದು ಉರುಳಿ ಅವನ ಬಲಗೈಯನ್ನು ಗೋಡೆಗೆ ಒತ್ತಿಹಿಡಿಯಿತು. ಐದು ದಿನಗಳ ಮೇಲೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ ಅವನ ಕಥೆ ಲೋಕಕ್ಕೆಲ್ಲ ಗೊತ್ತು. ಆ ಧೈರ್ಯವನ್ನು ಅಳೆಯಲು ನಾನು ಯೋಗ್ಯನಲ್ಲ. ಯೋಜನೆ ಹಾಕುವವನಾಗಿ ನನ್ನ ಕಣ್ಣಿಗೆ ಬೀಳುವುದು ಕಥೆಯ ಮೊದಲಿನ ಸಣ್ಣ ಸಂಗತಿ: ಎಲ್ಲಿಗೆ ಹೋಗುತ್ತಿದ್ದೇನೆಂದು ಅವನು ಯಾರಿಗೂ ಹೇಳಿರಲಿಲ್ಲ.

ಆದ್ದರಿಂದ ಕಳೆದ ವಾರ ನಮ್ಮೊಂದಿಗೆ ಬರದ ಗೆಳತಿಯೊಬ್ಬಳಿಗೆ ಕೊಡಲು ಒಂದು ಹಾಳೆ ಬರೆದೆ. ಯಾವ ರಾತ್ರಿ ಎಲ್ಲಿ, ಕಾರಿನ ಬಣ್ಣ ಮತ್ತು ಸಂಖ್ಯೆ, ಟೆಂಟುಗಳ ಬಣ್ಣ, ಯಾರಿಗೆ ಯಾವ ಔಷಧಿ, ಪ್ರತಿದಿನದ ಹಿಂದಿರುಗುವ ಸಮಯ, ಎಷ್ಟು ನೀರು. ಭಾನುವಾರ ರಾತ್ರಿ ಎಂಟರೊಳಗೆ ಫೋನು ಬಾರದಿದ್ದರೆ ಸೋಮವಾರ ಬೆಳಿಗ್ಗೆ ಷೆರಿಫ್ ಎಂಬ ಸ್ಥಳೀಯ ಪೊಲೀಸ್ ಅಧಿಕಾರಿಯ ಕಚೇರಿಗೆ ತಿಳಿಸಬೇಕು. ಕೌಂಟಿಯೆಂದರೆ ಅಲ್ಲಿನ ಜಿಲ್ಲೆ; ನೀಡಲ್ಸ್ ಇರುವುದು ಸಾನ್ ವಾನ್ ಕೌಂಟಿಯಲ್ಲಿ, ಹಾರ್ಸ್‌ಶೂ ವೇನ್ ಕೌಂಟಿಯಲ್ಲಿ, ಎರಡರ ಸಂಖ್ಯೆಗಳನ್ನೂ ಬರೆದೆ. ಅವಳು ಹಾಳೆಯನ್ನು ಎರಡು ಸಲ ಓದಿ, ಮಳೆ ಬಂದು ನೀವು ಹಾರ್ಸ್‌ಶೂ ಬಿಟ್ಟುಬಿಟ್ಟರೆ ನನಗೆ ಹೇಗೆ ಗೊತ್ತಾಗಬೇಕು, ನಾನು ಯಾವ ಕೌಂಟಿಗೆ ಫೋನು ಮಾಡಲಿ ಎಂದು ಕೇಳಿದಳು. ಮೂರು ತಿಂಗಳ ಲೆಕ್ಕದಲ್ಲಿ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಾವು ಒಂದು ಕಣಿವೆಯಲ್ಲಿ ಸಿಕ್ಕಿಬಿದ್ದು, ಹುಡುಕುವವರು ಗಂಟೆಗಟ್ಟಲೆ ದೂರದ ಇನ್ನೊಂದು ಕಣಿವೆಯಲ್ಲಿ ಅಲೆಯುವಂತೆ ನನ್ನ ಎಚ್ಚರಿಕೆಯ ನಿಯಮವೇ ಏರ್ಪಾಟು ಮಾಡಿಟ್ಟಿತ್ತು. ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು ಆರನೆಯ ದಿನದ ಎದುರು ಎರಡು ಸಾಲು ಸೇರಿಸಿದೆ. ಹಾರ್ಸ್‌ಶೂ ಕಡೆಗೆ ಹೊರಟರೆ, ಯೂಟಾದ ಗ್ರೀನ್ ರಿವರ್ ಪಟ್ಟಣದಲ್ಲಿ ಪೆಟ್ರೋಲು ಮತ್ತು ನೀರು ತುಂಬಿಸುವಾಗ, ಮಣ್ಣಿನ ರಸ್ತೆಗೆ ತಿರುಗುವ ಮೊದಲು, ಫೋನು. ಮಧ್ಯಾಹ್ನ ಒಂದರೊಳಗೆ ಆ ಫೋನು ಬಾರದಿದ್ದರೆ ನಾವು ನೀಡಲ್ಸ್‌ನಲ್ಲಿದ್ದೇವೆ.